ರಷ್ಯಾದ ದಪ್ಪು

ರಂಗಂಪೇಟ, ಸುರಪುರ
8 ಮಾರ್ಚ್ 2022

ಸಗರದ ನೀಲಕಂಠ ಸಾಹುಕಾರರಿಗೆ ಸುರಪುರದ ಮಲ್ಲಾಬಾಯಿ ಬರೆಯುವುದು.

ಕ್ಷೇಮ ಸಮಾಚಾರ ಬರೆಯುವುದಿಲ್ಲ. ನಿಮ್ಮ ಕ್ಷೇಮ ನನಗೆ ಬೇಕಾಗಿಲ್ಲ, ನನ್ನದು ನಿಮಗೆ ಸಂಬಂಧಪಟ್ಟದ್ದಲ್ಲ. ನನ್ನ ದಪ್ಪು ನಿಮ್ಮ ಮನೆಯಲ್ಲಿದೆ. ವಾಪಸು ಕೊಡಿ.

ಯಾವ ದಪ್ಪು ಎಂದು ಕೇಳುವವರು ನೀವು, ಅದಕ್ಕೇ ಬಿಡಿಸಿ ಬರೆಯುತ್ತೇನೆ. ನನ್ನವ್ವ ಹಣಮಂತಮ್ಮ ಬಾರಿಸುತ್ತಿದ್ದ, ಬೇವಿನ ಕಟ್ಟಿಗೆಯ ಬಳೆಗೆ ಆಡಿನ ಚರ್ಮ ಬಿಗಿದ ದಪ್ಪು. ಅವ್ವನ ನಂತರ ಅದನ್ನು ಹಿಡಿದು ನಾನು ಗೀಗೀ ಪದ ಹಾಡಿದೆ, ನನ್ನ ತಮ್ಮ ದೇವು ಹಿಂದೆ ನಿಂತು ಗೀ ಎಂದು ದನಿಗೂಡಿಸುತ್ತ ಒಂಟಿ ತಂತಿಯ ತುಂತುಣಿ ಮೀಟಿದ. ನಿಮ್ಮದು ಹರದೇಶಿ ಮೇಳ, ಗಂಡು ಹೆಚ್ಚು ಎಂದು ಹಾಡುವುದು. ನಮ್ಮದು ನಾಗೇಶಿ, ಹೆಣ್ಣು ಹೆಚ್ಚು ಎಂದು ಹಾಡುವುದು. ಶಿವ ದೊಡ್ಡವನೋ ಶಕ್ತಿ ದೊಡ್ಡವಳೋ ಎಂಬುದನ್ನು ಕೇಳಿ ಕೇಳಿ ಜನ ಬೇಸತ್ತಾಗ ಪಂಚರಾಗಿದ್ದ ಅಮೀನುದ್ದೀನ ಮಾಸ್ತರು, "ದುನಿಯಾದಾಗ ಈಗ ದೊಡ್ಡ ಜಗಳ ಅಂದ್ರ ರಷ್ಯಾ ಅಮೆರಿಕಾದ್ದು. ಅದನ್ನ ಹಾಡ್ರಿ" ಎಂದು ನಾಣ್ಯ ಹಾರಿಸಿ ಪಕ್ಷ ಹಂಚಿದರು.

ನನಗೆ ರಷ್ಯಾ ಬಂತು. ಅದು ಯಾವ ದಿಕ್ಕಿಗಿದೆ ಎಂದು ನನಗೆ ಗೊತ್ತಿರಲಿಲ್ಲ. ನಿಮಗೆ ಅಮೆರಿಕಾ ಬಂತು. ಬರಗಾಲದಲ್ಲಿ ಅಮೆರಿಕಾದವರು ಕಳಿಸಿದ ಕೆಂಪು ಜೋಳದ ರೊಟ್ಟಿ ತಟ್ಟಿದರೆ ಒಡೆಯುತ್ತದೆ ಎಂದು ಊರ ತುಂಬ ಬೈದಾಡಿದವರು ನೀವೇ. ನಾಣ್ಯ ಬಿದ್ದ ಮರುದಿನದಿಂದ ಅದೇ ಜೋಳವನ್ನು ಅಮೃತ ಎಂದು ಹಾಡಿದಿರಿ. ನಾನೇನು ಕಡಿಮೆ ಇರಲಿಲ್ಲ. ಚಂದ್ರನ ಮೇಲೆ ಕಾಲಿಟ್ಟೆ ಎಂದು ನೀವು ಎದೆ ತಟ್ಟಿದರೆ, ಹೆಣ್ಣುಮಗಳನ್ನು ಮೊದಲು ಆಕಾಶಕ್ಕೆ ಕಳಿಸಿದವಳು ನಾನು ಎಂದು ನಿಮ್ಮ ಬಾಯಿ ಮುಚ್ಚಿಸಿದೆ. ವರ್ಷಗಟ್ಟಲೆ ಹೀಗೇ ನಡೆಯಿತು.

1992ರ ಜನವರಿಯಲ್ಲಿ, ಎಳ್ಳ ಅಮಾವಾಸ್ಯೆಯ ದಿನ ಹತ್ತಿಕುಣಿಯ ಹೊಲದಲ್ಲಿ ನಾನೊಂದು ಸವಾಲು ಹಾಕಿದೆ. ನಿಮಗೆ ಜವಾಬು ಹೊಳೆಯಲಿಲ್ಲ. ಟವೆಲ್ಲಿನಿಂದ ಬೆವರು ಒರೆಸಿಕೊಳ್ಳುತ್ತ ನಿಂತಿದ್ದಿರಿ. ಅಷ್ಟರಲ್ಲಿ ಯಾರೋ ಯಾದಗಿರಿಯಿಂದ ಹಳೆಯ ಪೇಪರು ತಂದರು, ರಷ್ಯಾದ ಕೆಂಪು ಬಾವುಟ ಇಳಿಸಿಬಿಟ್ಟಿದ್ದಾರೆ ಎಂದು. ಆಗ ನೀವು ಏನೆಂದಿರಿ, ನೆನಪಿದೆಯೇ? "ನಿನ್ನ ರಷ್ಯಾನೇ ಇಲ್ಲ ಈಗ. ಜಗಳ ಮುಗೀತು, ದಪ್ಪು ತಾ." ಸೋತವರ ದಪ್ಪು ಗೆದ್ದವರ ಮನೆಗೆ ಹೋಗಬೇಕೆಂಬುದು ಕಟ್ಟಳೆ, ನಾನು ಇಲ್ಲವೆನ್ನುವುದಿಲ್ಲ. ಆದರೆ ದೇಶ ಬಿದ್ದರೆ ಪದ ಬೀಳುತ್ತದೇನು? ಜವಾಬು ಕೊಡದವನು ಗೆಲ್ಲುವುದು ಯಾವ ಊರಿನ ಕಟ್ಟಳೆ?

ಈಗ ಟಿವಿ ಹಚ್ಚಿ ನೋಡಿ. ರಷ್ಯಾ ಉಕ್ರೇನಿನ ಮೇಲೆ ಏರಿ ಹೋಗಿದೆ, ಅಮೆರಿಕಾ ಹಿಂದೆ ನಿಂತು ಮದ್ದುಗುಂಡು ಕೊಡುತ್ತಿದೆ. ಮತ್ತೆ ಶೀತಲ ಸಮರ ಎಂದು ಟಿವಿಯವರೇ ಹೇಳುತ್ತಿದ್ದಾರೆ. ಅಂದರೆ ಜಗಳ ಮುಗಿದೇ ಇಲ್ಲ. ಮುಗಿಯದ ಜಗಳದಲ್ಲಿ ಗೆದ್ದವರೆಂಬುವರು ಇರುವುದಿಲ್ಲ. ನೀವು ಅಂದು ಒಯ್ದದ್ದು ಗೆಲುವಲ್ಲ, ಕಳವು.

ಮಲ್ಲಾಬಾಯಿ

*

ಸಗರ, ಶಹಾಪುರ ತಾಲೂಕು
19 ಮಾರ್ಚ್ 2022

ಮಲ್ಲಾಬಾಯಿಗೆ,

ನಿನ್ನ ಪತ್ರ ಬಂತು. ಇಷ್ಟು ವರ್ಷದ ಮೇಲೆ ಬರೆದಿದ್ದೀಯ, ಒಂದು ನಮಸ್ಕಾರ ಇಲ್ಲ. ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತಳಾದೆ ಎಂದು ಕೇಳಿದ್ದೆ. ಮರ್ಯಾದೆಯ ಪಾಠ ಆ ಪುಸ್ತಕದಲ್ಲಿ ಇರಲಿಲ್ಲವೆಂದು ಕಾಣುತ್ತದೆ.

ಪತ್ರವೇ ಯಾಕೆ ಬೇಕಿತ್ತು? ನನ್ನ ನಂಬರು ಬೇಳೆ ಅಂಗಡಿಯ ಬೋರ್ಡಿನ ಮೇಲೆಯೇ ಇದೆ. ಬೈಯುವುದಿದ್ದರೆ ಬಾಯಿಂದ ಬೈಯಬೇಕು. ನಿನ್ನ ಬಾಯಿಗೆ ಯಾವತ್ತು ಬರ ಬಂದಿತ್ತು? ಸುರಪುರದಲ್ಲಿ ನೀನು ಪದ ಎತ್ತಿದರೆ ಮುಂದಿನೂರಿನ ನಾಯಿಗಳು ಬೊಗಳುತ್ತಿದ್ದವು.

ಕಳವು ಎಂದಿದ್ದೀಯ. ಬೇಕೆಂದೇ ಬರೆದೆಯೋ ಕೈ ತಪ್ಪಿ ಬರೆದೆಯೋ ಗೊತ್ತಿಲ್ಲ. ಪಂಚರು ಕುಳಿತಿದ್ದರು, ಸಾವಿರ ಜನ ನಿಂತಿದ್ದರು. "ಒಂದು ಪಕ್ಷನೇ ಉಳೀಲಿಲ್ಲ ಅಂದ ಮ್ಯಾಲ ವಾದ ಯಾರ ಕೂಡ ಮಾಡ್ತಾರ್ರಿ" ಎಂದು ಜನವೇ ಕೂಗಿತು. ಅಮೀನುದ್ದೀನ ಮಾಸ್ತರು ತಲೆ ಅಲ್ಲಾಡಿಸಿದರು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು, ಇಲ್ಲದಿದ್ದರೆ ಸಾಕ್ಷಿಗೆ ಕರೆಯುತ್ತಿದ್ದೆ. ಆಮೇಲೆ ಆದ ಗಲಾಟೆಗೆ ನಾನು ಹೊಣೆ ಅಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಿನ್ನ ರಷ್ಯಾ ಎದ್ದು ಕುಳಿತಿತು ಎಂದು ಸಂಭ್ರಮ ಪಡುತ್ತಿದ್ದೀಯಲ್ಲ, ಒಂದು ಮಾತು ಕೇಳುತ್ತೇನೆ. "ಹದಿನೈದು ಮಕ್ಕಳ ತಾಯಿ ನಾ, ಒಂದೇ ಒಲಿಯ ರೊಟ್ಟಿ ಉಂಡರೊ" ಎಂದು ಸೋವಿಯತ್ ದೇಶವನ್ನು ಹಾಡಿ ಹೊಗಳಿದವಳು ನೀನು. ಆ ಹದಿನೈದರಲ್ಲಿ ಉಕ್ರೇನೂ ಒಂದು. ಈಗ ಹಿರಿಯ ಮಗ ತಮ್ಮನ ಮನೆಗೆ ಬೆಂಕಿ ಹಚ್ಚಿದ್ದಾನೆ. ಇದನ್ನು ಯಾವ ಧಾಟಿಯಲ್ಲಿ ಹಾಡುತ್ತಿ?

ಇನ್ನು ದಪ್ಪಿನ ಮಾತು. ಅದರ ಚರ್ಮವನ್ನು ಇಲಿ ಕಡಿದು ಯಾವಾಗಲೋ ಹಾಳಾಯಿತು. ಬಳೆ ಮಾತ್ರ ಉಳಿದಿದೆ, ಮನೆಯಲ್ಲಿ ಅದರ ಮೇಲೆ ಬಿಸಿ ಪಾತ್ರೆ ಇಡುತ್ತಾರೆ. ಕಲಾವಿದರ ಮಾಸಾಶನಕ್ಕೆ ವಾದ್ಯ ಹಿಡಿದ ಫೋಟೊ ಕೇಳುತ್ತಾರಂತೆ. ಅದಕ್ಕಾಗಿ ಈ ಸಿಟ್ಟಾದರೆ ಯಾರದಾದರೂ ಒಂದು ದಪ್ಪು ಕಡ ತಂದು ನಿಲ್ಲು.

ನೀಲಕಂಠ

*

ರಂಗಂಪೇಟ, ಸುರಪುರ
27 ಮಾರ್ಚ್ 2022

ನೀಲಕಂಠ ಸಾಹುಕಾರರಿಗೆ,

ನನ್ನವ್ವನ ದಪ್ಪಿನ ಮೇಲೆ ಪಾತ್ರೆ ಇಡುತ್ತೀರಿ. ಈ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೆ. ನನ್ನ ಮಗಳು ಚಂದ್ರಕಲಾ ಪತ್ರ ಕಿತ್ತುಕೊಂಡು, "ಸಾಕ್ ಬಿಡಬೇ, ಆ ಮುದುಕಗ ಯಾಕ ಬರಿತಿ" ಎಂದಳು. ಸಾಕಾಗಿದ್ದರೆ ನಾನು ಬರೆಯುತ್ತಲೇ ಇರಲಿಲ್ಲ.

ಹಿರಿಯ ಮಗ ತಮ್ಮನ ಮನೆ ಸುಟ್ಟದ್ದನ್ನು ನಾನೂ ನೋಡಿದೆ. ನನ್ನಷ್ಟೇ ವಯಸ್ಸಿನ ಒಬ್ಬ ಮುದುಕಿ ಕೈಚೀಲ ಹಿಡಿದು ಮುರಿದ ಸೇತುವೆಯ ಕೆಳಗೆ ನೀರು ದಾಟುತ್ತಿದ್ದಳು. ನಾನು ಹಾಡಿದ ಪದದ ಮೇಲೆ ನನಗೇ ಸಿಟ್ಟು ಬಂತು. ಸಂಭ್ರಮ ಎಂದಿರಲ್ಲ, ನಿಮ್ಮ ಕಣ್ಣಿಗೆ ಎಲ್ಲವೂ ಸಂಭ್ರಮವೇ. ಅಮೆರಿಕಾ ಇರಾಕಿಗೆ ಹೋದಾಗ ನೀವು ಯಾವ ಧಾಟಿಯಲ್ಲಿ ಹಾಡಿದಿರಿ? ಅಂಗಡಿಯಲ್ಲಿ ಬೇಳೆ ತೂಗುತ್ತ ಕುಳಿತಿದ್ದಿರಿ. ನನ್ನ ಪಕ್ಷದ ತಪ್ಪಿಗೆ ನಾನು ಸಂಕಟಪಡುತ್ತೇನೆ. ನಿಮಗೆ ಅಷ್ಟೂ ಇಲ್ಲ.

ಪಂಚರು, ಸಾವಿರ ಜನ ಎಂದು ಲೆಕ್ಕ ಕೊಟ್ಟಿರಿ. ಅಂದು ಮಂಗಳ ಹಾಡಲಿಲ್ಲ ಎಂಬುದನ್ನು ಮಾತ್ರ ಬಿಟ್ಟಿರಿ. ಗೆದ್ದವನು ಸೋತವರ ಪದವೊಂದನ್ನು ತನ್ನ ಬಾಯಿಂದ ಹಾಡಿ ಮಂಗಳ ಮಾಡಬೇಕು. ಆಗಲೇ ಕಣ ಮುಗಿಯುವುದು. ನೀವು ಹಾಡಲಿಲ್ಲ. ಆದ್ದರಿಂದ ಕಣ ಇನ್ನೂ ತೆರೆದೇ ಇದೆ.

ಕಣದಲ್ಲಿ ಸಾಹುಕಾರ, ಕೂಲಿಯವಳು ಎಂಬ ಭೇದ ಇರಲಿಲ್ಲ. ಊರಲ್ಲಿ ನಿಮ್ಮೆದುರು ತಲೆ ತಗ್ಗಿಸಿ ನಡೆದವಳು ಅಲ್ಲಿ ಮಾತ್ರ ನಿಮ್ಮನ್ನು ನೀನು ಎನ್ನಬಹುದಿತ್ತು. ಹಾಗಾಗಿ ಇನ್ನು ನೀನು.

ಕೇಳು ನೀಲಕಂಠ. ಅಂದಿನ ಸವಾಲೇ ಇದು, ಒಂದಕ್ಷರ ಬದಲಾಗಿಲ್ಲ.

ಬೇಲಿಯ ಆಚೆ ನೀನಿದ್ದಿ, ಈಚೆ ನಾನಿದ್ದೆ, ಬೈಗುಳ ಹಗಲಿರುಳೊ
ನಿನ್ನ ಹೊಸ್ತಿಲ ನಾ ತುಳಿಲಿಲ್ಲ, ನನ್ನ ಹೊಸ್ತಿಲ ನೀ ತುಳಿಲಿಲ್ಲೊ
ನಿನ್ನ ಮೈಗೊಂದು ಗೀರಿಲ್ಲ, ನನ್ನ ಕೈಬಳಿ ಒಂದು ಒಡಿಲಿಲ್ಲೊ
ನಡುವಿನ ಹಾದ್ಯಾಗ ಬಿದ್ದ ಹೆಣಗಳು ಯಾರ ಮನಿವು ಹೇಳೊ

ಸರಿಯಾದ ಜವಾಬು ಕೊಟ್ಟರೆ ದಪ್ಪು ನಿನ್ನದೇ, ನಾನು ಮತ್ತೆ ಅದರ ಹೆಸರೆತ್ತುವುದಿಲ್ಲ. ಕೊಡಲಾಗದಿದ್ದರೆ ಸೋತೆ ಎಂದು ಬರೆದು ಬಳೆಯನ್ನಾದರೂ ಕಳಿಸು. ಜವಾಬು ಪತ್ರದಲ್ಲೇ ಬರಬೇಕು. ಫೋನು ಬೇಡ. ನಿನ್ನ ದನಿ ಕೇಳಬೇಕೆಂಬ ಆಸೆ ನನಗಿಲ್ಲ.

ಮಲ್ಲಾಬಾಯಿ

*

ಸಗರ
2 ಮೇ 2022

ಮಲ್ಲಾಬಾಯಿಗೆ,

ನೀನು ಎಂದೆಯಲ್ಲ, ಇರಲಿ. ಈ ವಯಸ್ಸಿನಲ್ಲಿ ನನ್ನನ್ನು ನೀನು ಎನ್ನುವವರು ಯಾರೂ ಉಳಿದಿರಲಿಲ್ಲ.

ಆದರೆ ನಿನ್ನ ಸೊಕ್ಕು ನೋಡು. ಬೇಡ ಎಂದರೂ ನಿನ್ನ ನಂಬರು ಹುಡುಕಿ ಹೋದ ವಾರ ನಾನೇ ಫೋನ್ ಮಾಡಿದೆ. ಜವಾಬನ್ನು ಹಾಡಿ ಕೊಟ್ಟರೆ ಚೆನ್ನ, ಗೀಗೀ ಪದವನ್ನು ಸರಕಾರಿ ಅರ್ಜಿಯ ಹಾಗೆ ಬರೆದು ಕಳಿಸುವುದು ನಮ್ಮ ಕಸುಬಲ್ಲ. ಎತ್ತಿದವಳು ನೀನೇ. ಹಲೋ ಎನ್ನಲಿಲ್ಲ. ಸುಂಯ್ ಸುಂಯ್ ಎಂದು ಉಸಿರು ಬಿಡುತ್ತ ನನ್ನ ಮಾತು ಕೇಳಿ ನಗುತ್ತಿದ್ದೆ. ನನಗೆ ಸಿಟ್ಟು ಬಂತು, ಬೈದೆ. ಏನೇನು ಬೈದೆ ಎಂದು ನಿನಗೆ ಗೊತ್ತಿದೆ. ಒಂದಕ್ಕೂ ಬಾಯಿ ಬಿಡಲಿಲ್ಲ. ಎದುರಾಳಿಗೆ ಮಾತು ಕೊಡದೆ ಕೊಲ್ಲುವುದನ್ನು ಎಲ್ಲಿ ಕಲಿತೆ?

ಜವಾಬು ತೆಗೆದುಕೋ. ನಡುವಿನ ಹಾದಿಯಲ್ಲಿ ಸತ್ತವರು ಕೊರಿಯಾದವರು, ವಿಯೆಟ್ನಾಮಿನವರು, ಅಂಗೋಲಾದವರು, ಅಫ್ಘಾನಿಸ್ತಾನದವರು. ರಷ್ಯಾ ಅಮೆರಿಕಾ ಎದುರುಬದುರು ಎಂದೂ ಹೊಡೆದಾಡಲಿಲ್ಲ. ಬಂದೂಕು ಕೊಟ್ಟರು, ಬೇರೆಯವರ ಅಂಗಳದಲ್ಲಿ ಹೊಡೆದಾಡಿಸಿದರು. ಕೊರಿಯಾದ ಯುದ್ಧದಿಂದ ಅಫ್ಘಾನಿಸ್ತಾನದವರೆಗೆ ಅಮೀನುದ್ದೀನ ಮಾಸ್ತರು ಎಲ್ಲವನ್ನೂ ಹೇಳಿಕೊಟ್ಟಿದ್ದರು, ನಾನು ಮರೆತಿಲ್ಲ. ಇದನ್ನು ನಾಲ್ಕು ಸಾಲಿನ ಪದ ಮಾಡಿ ಈ ಹಾಳೆಯ ಹಿಂಬದಿಗೆ ಬರೆದಿದ್ದೇನೆ. ಇದಕ್ಕಿಂತ ಸರಿಯಾದ ಜವಾಬು ಇಲ್ಲ. ಕಣ ಮುಗಿಯಿತು, ಗೆದ್ದವನು ನಾನು.

ನೀಲಕಂಠ

*

ರಂಗಂಪೇಟ
11 ಮೇ 2022

ನೀಲಕಂಠನಿಗೆ,

ನಿನ್ನ ಜವಾಬು ಭೂಗೋಳದ ಪರೀಕ್ಷೆಗೆ ಸಾಕು, ಕಣಕ್ಕೆ ಸಾಲದು. ನಾನು ಕೇಳಿದ್ದು ಯಾರ ಮನೆ ಎಂದು. ನೀನು ದೇಶದ ಹೆಸರು ಹೇಳಿದೆ. ದೇಶಕ್ಕೆ ಹೊಸ್ತಿಲು ಇರುವುದಿಲ್ಲ, ದೇಶದ ಹೆಣವನ್ನು ಯಾರೂ ಹೊಸ್ತಿಲೊಳಗೆ ಮಲಗಿಸಿ ಅಳುವುದಿಲ್ಲ. ನೀನು ಎಲ್ಲವನ್ನೂ ದೂರ ಇಟ್ಟು ಹಾಡುವವನು. ವಿಯೆಟ್ನಾಮು ಎಂದರೆ ನಿನಗೆ ಪ್ರಾಸ, ಅಷ್ಟೇ. ಹಾಗೆ ಹಾಡಿದ್ದರಿಂದಲೇ ನಿನಗೆ ರಾತ್ರಿ ನಿದ್ದೆ ಬರುತ್ತದೆ.

ಮನೆ ಹೇಳು. ಹೆಸರು ಹೇಳು. ನಿನ್ನ ಕಣ್ಣಿಂದ ನೋಡಿದ್ದನ್ನು ಹೇಳು.

ಫೋನಿನಲ್ಲಿ ನಾನು ನಗಲಿಲ್ಲ. ನೀನು ಬೈದದ್ದನ್ನು ಪೂರ್ತಿ ಕೇಳಿಸಿಕೊಂಡೆ. ಹಳೆಯ ಬೈಗುಳಗಳನ್ನೇ ಬೈದೆ, ಹೊಸದು ಒಂದೂ ಇಲ್ಲ.

ಮಲ್ಲಾಬಾಯಿ

*

ಸಗರ
6 ನವೆಂಬರ್ 2022

ಮಲ್ಲಾಬಾಯಿಗೆ,

ಮಳೆಗಾಲದ ತುಂಬ ಬರೆಯಲಾಗಲಿಲ್ಲ. ಹತ್ತಿ ಬಿಡಿಸುವ ಗಡಿಬಿಡಿ, ಮೇಲೆ ಮಂಡಿ ನೋವು.

ನಿನ್ನ ಸವಾಲಿಗೆ ನನಗೆ ಜವಾಬು ಹೊಳೆಯುತ್ತಿಲ್ಲ. ಸೋತೆ. ಇದನ್ನು ನನ್ನ ಕೈಯಿಂದಲೇ ಬರೆದಿದ್ದೇನೆ, ಬೇಕಾದರೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕು.

ದಪ್ಪನ್ನು ಸುರಪುರದ ಬಸ್ಸಿನ ಕಂಡಕ್ಟರ್ ಬಸವಂತನ ಕೈಯಲ್ಲಿ ಕಳಿಸಿದ್ದೇನೆ. ಇಲಿ ಕಡಿದಿಲ್ಲ, ಯಾರೂ ಪಾತ್ರೆ ಇಟ್ಟಿಲ್ಲ. ನಿನಗೆ ಉರಿಯಲಿ ಎಂದು ಬರೆದಿದ್ದೆ. ಪ್ರತಿ ಎಳ್ಳ ಅಮಾವಾಸ್ಯೆಗೆ ಕೆಂಡದ ಮುಂದೆ ಹಿಡಿದು ಚರ್ಮ ಬಿಗಿ ಮಾಡುತ್ತಿದ್ದೆ. ಬಾರಿಸಿಲ್ಲ.

ಇನ್ನು ಪತ್ರ ಬೇಡ. ಮೈ ನೋಡಿಕೋ.

ನೀಲಕಂಠ

*

ರಂಗಂಪೇಟ
15 ನವೆಂಬರ್ 2022

ನೀಲಕಂಠ,

ಮೈ ನೋಡಿಕೋ ಎಂದು ಬರೆದೆಯಲ್ಲ, ಅಲ್ಲೇ ಸಿಕ್ಕಿಬಿದ್ದೆ. ಚಂದ್ರಕಲಾಳನ್ನು ಹಿಡಿದು ಕೇಳಿದೆ. ದೀಪಾವಳಿ ಸಂತೆಗೆ ನೀನು ಸುರಪುರಕ್ಕೆ ಬಂದಿದ್ದೆ, ಅವಳನ್ನು ಕಂಡು ಮಾತಾಡಿಸಿದೆ, "ನಿಮ್ಮವ್ವ ಫೋನ್ ಎತ್ತಿ ಯಾಕ ಮಾತಾಡಂಗಿಲ್ಲ" ಎಂದೆ. ಆ ಹುಡುಗಿ ಅಳುತ್ತ ಎಲ್ಲವನ್ನೂ ಹೇಳಿಬಿಟ್ಟಳು.

ಹೌದು. ನನ್ನ ಗಂಟಲಲ್ಲಿ ಗಡ್ಡೆ ಆಗಿತ್ತು. ಕಲಬುರಗಿಯಲ್ಲಿ ತೆಗೆದರು, ಜೊತೆಗೆ ದನಿಯನ್ನೂ ತೆಗೆದರು. ಕೊರಳಲ್ಲಿ ತೂತು ಇದೆ, ಉಸಿರು ಅಲ್ಲಿಂದ ಆಡುತ್ತದೆ. ನೀನು ಫೋನಿನಲ್ಲಿ ಕೇಳಿದ ಸುಂಯ್ ಅದೇ. ನನಗೆ ಇನ್ನು ಹಾಡಲು ಆಗುವುದಿಲ್ಲ, ಬೈಯಲೂ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇದು ನಿನಗೆ ಗೊತ್ತಾಗಬಾರದಿತ್ತು. ಯಾಕೆಂದರೆ ಗೊತ್ತಾದ ಕೂಡಲೇ ನೀನು ಹೀಗೇ ಮಾಡುತ್ತಿ ಎಂದು ನನಗೆ ಗೊತ್ತಿತ್ತು.

ಬಾಯಿಲ್ಲದವಳು ಎಂದು ಕನಿಕರಪಟ್ಟು ಸೋತೆಯಾ? ನನ್ನವ್ವನ ದಪ್ಪನ್ನು ನನಗೇ ದಾನ ಮಾಡುತ್ತೀಯಾ? ಅಂದು ಜವಾಬು ಕೊಡದೆ ಗೆದ್ದೆ, ಇಂದು ಜವಾಬು ಇದ್ದೂ ಸೋಲುತ್ತಿದ್ದಿ. ಎರಡು ಸಲವೂ ಮೋಸವನ್ನೇ ಮಾಡಿದೆ.

ದಪ್ಪು ಬಂದ ದಿನ ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದೆ. ಬೆರಳು ಆಡಿಸಿದೆ, ಅವ್ವನ ದನಿಯೇ ಬಂತು. ಆದರೂ ಅದೇ ಬಸವಂತನ ಕೈಯಲ್ಲಿ ವಾಪಸು ಕಳಿಸಿದ್ದೇನೆ. ಈ ಮುಪ್ಪಿನಲ್ಲಿ ಅದನ್ನು ಎತ್ತಿ ಬಸ್ಸಿನ ಮೆಟ್ಟಿಲ ಮೇಲೆ ಇಡುವಾಗ ನನಗೆ ಏನಾಯಿತು ಎಂಬುದು ನಿನಗೆ ತಿಳಿಯುವುದಿಲ್ಲ.

ಆ ಸಂಜೆ ಹತ್ತಿಕುಣಿಯ ಹೊಲದಲ್ಲಿ ನೀನೂ ಇದ್ದೆ. ಎಲ್ಲರಿಗಿಂತ ಹತ್ತಿರ ಇದ್ದೆ. ಗಲಾಟೆಗೆ ನಾನು ಹೊಣೆ ಅಲ್ಲ ಎಂದು ನಾನು ಕೇಳದೆಯೇ ಬರೆದವನು ನೀನು. ಹೊಣೆಯನ್ನು ನಾನು ಕೇಳಲಿಲ್ಲ. ಹೆಸರು ಕೇಳಿದ್ದೇನೆ. ಬರಿ.

ಮಲ್ಲಾಬಾಯಿ

*

ಸಗರ
2 ಡಿಸೆಂಬರ್ 2022

ಮಲ್ಲಾಬಾಯಿಯವರಿಗೆ,

ಹೆಸರು ದೇವು. ನಿಮ್ಮ ತಮ್ಮ. ತುಂತುಣಿಯವನು.

ನಾನು ದಪ್ಪನ್ನು ತಲೆಯ ಮೇಲೆತ್ತಿ ಕುಣಿಯುತ್ತಿದ್ದೆ. ನಿಮ್ಮ ಕಡೆಯವರು ನಮ್ಮ ಕಡೆಯವರನ್ನು ನೂಕಿದರು, ನಮ್ಮವರು ಕಲ್ಲು ಎತ್ತಿದರು, ನಿಮ್ಮವರೂ ಎತ್ತಿದರು. ದೇವು ತುಂತುಣಿಯನ್ನು ನೆಲಕ್ಕಿಟ್ಟು ಓಡಿಬಂದ. "ಅವ್ವಂದು ಅದರಿ ಅದು, ಕೊಡ್ರಿ ಸಾವ್ಕಾರ್ರ" ಎಂದು ದಪ್ಪಿನ ಒಂದು ಅಂಚು ಹಿಡಿದ. ಇನ್ನೊಂದು ಅಂಚು ನನ್ನ ಕೈಯಲ್ಲಿತ್ತು. ನಾನು ಬಿಡಲಿಲ್ಲ. ಕಲ್ಲು ಯಾವ ಕಡೆಯಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ, ಅವನ ತಲೆಯ ಹಿಂಭಾಗಕ್ಕೆ ಬಿತ್ತು. ದಪ್ಪು ನನ್ನ ಕೈಗೆ ಹಗುರಾಗಿ ಬಂತು. ಅವನ ಕಣ್ಣು ಹೋಯಿತು, ರಂಗಂಪೇಟದ ಅಂಗಳದಲ್ಲಿ ಕೆಲವು ವರ್ಷ ಕುಳಿತಿದ್ದ, ಆಮೇಲೆ ಹೋದ ಎಂದು ಜನರಿಂದ ಕೇಳಿದೆ. ಸುರಪುರಕ್ಕೆ ಮಾಲು ತರಲು ಬರುತ್ತಿದ್ದೆ, ನಿಮ್ಮ ಓಣಿಗೆ ಬರಲಿಲ್ಲ.

ಅವನಿಗೆ ರಷ್ಯಾ ಬೇಕಿರಲಿಲ್ಲ, ಅಮೆರಿಕಾವೂ ಬೇಕಿರಲಿಲ್ಲ. ನಾವು ಹಾಡಿದ್ದಕ್ಕೆ ಹಿಂದೆ ನಿಂತು ಗೀ ಎಂದ, ಅಷ್ಟೇ. ಜವಾಬು ಇದು.

ಮುಂದ ನಿಂತು ಪದ ಕಟ್ಟಿದ ನಾವು ಇಬ್ಬರೂ ಉಳಿದೇವವ್ವ
ಗೆದ್ದವ ನಾನೂ ಮನಿ ಸೇರಿದೆ, ಸೋತವಳು ನೀನೂ ಸೇರಿದ್ಯವ್ವ
ಹಿಂದ ನಿಂತು ಗೀ ಅಂದವರು, ನಡು ಹಾದ್ಯಾಗ ಬಿದ್ದರವ್ವ
ತುಂತುಣಿ ಹಿಡಿದವರ ಮನಿಯ ಹೆಣಗಳು, ಒಂದರ ಹೆಸರು ದೇವು, ಅವ್ವ

ಇದನ್ನು ಬರೆದರೆ ಗೆಲ್ಲುತ್ತೇನೆ, ದಪ್ಪು ನನ್ನ ಹತ್ತಿರವೇ ಉಳಿಯುತ್ತದೆ ಎಂದು ಗೊತ್ತಿತ್ತು. ಅದಕ್ಕೇ ಬರೆದಿರಲಿಲ್ಲ. ನೀವು ಬಿಡಲಿಲ್ಲ.

ನೀಲಕಂಠ

*

ರಂಗಂಪೇಟ
14 ಡಿಸೆಂಬರ್ 2022

ನೀಲಕಂಠ,

ಜವಾಬು ಮುಟ್ಟಿತು. ಸರಿ ಇದೆ. ಗೆದ್ದವನು ನೀನು, ದಪ್ಪು ನಿನ್ನದು. ನಾನು ಮಾತಿಗೆ ತಪ್ಪುವವಳಲ್ಲ.

ಹತ್ತಿಕುಣಿಯಲ್ಲಿ ಸವಾಲು ಹಾಕಿದಾಗ ಜವಾಬು ನನಗೂ ಗೊತ್ತಿರಲಿಲ್ಲ. ಅಮೀನುದ್ದೀನ ಮಾಸ್ತರು ಹೇಳಿಕೊಟ್ಟಂತೆ ಬಡ ದೇಶಗಳ ಹೆಸರನ್ನೇ ನಾನೂ ಉರು ಹೊಡೆದಿದ್ದೆ. ಹೊತ್ತು ಮುಳುಗುವುದರೊಳಗೆ ಜವಾಬು ನನ್ನ ಮನೆಗೇ ಬಂತು. ಕಣ್ಣು ಹೋದ ಮೇಲೆ ದೇವು ದಿನಾ ಒಂದೇ ಮಾತು ಕೇಳುತ್ತಿದ್ದ, "ಅಕ್ಕ, ದಪ್ಪು ಬಂತೇನ?" ನಾಳೆ ಬರುತ್ತದೆ ಎನ್ನುತ್ತಿದ್ದೆ. ಅವನು ಹೋದದ್ದು ಹಾಗೆ ಕೇಳುತ್ತಲೇ.

ನೀನು ಹೆಸರು ಬರೆದೆ ಎಂದು ನನ್ನ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ಇಳಿದಿಲ್ಲ. ಆ ಅಂಚನ್ನು ನೀನು ಬಿಡಬಹುದಿತ್ತು. ಟಿವಿಯಲ್ಲಿ ಇವತ್ತಿಗೂ ಇಬ್ಬರೂ ಅಂಚು ಬಿಡುತ್ತಿಲ್ಲ, ನಡುವಿನವರು ಬೀಳುತ್ತಿದ್ದಾರೆ. ಅವರ ಮೇಲೂ ನನಗೆ ಇದೇ ಸಿಟ್ಟು, ಆದರೆ ಅವರ ವಿಳಾಸ ನನ್ನ ಹತ್ತಿರ ಇಲ್ಲ, ನಿನ್ನದು ಇದೆ.

ಈಗ ಗೆದ್ದವನ ಕೆಲಸ ಮಾಡು. ಮಂಗಳ ಬಾಕಿ ಇದೆ. ಇಪ್ಪತ್ತಮೂರನೇ ತಾರೀಖು ಎಳ್ಳ ಅಮಾವಾಸ್ಯೆ. ಹೊಲಕ್ಕೆ ಚರಗದ ಎಡೆ ಚೆಲ್ಲಿ, ಭಜ್ಜಿ ಕಡಬು ಉಂಡ ಮೇಲೆ, ನನ್ನವ್ವನ ದಪ್ಪು ತೆಗೆದುಕೊಂಡು ಫೋನ್ ಮಾಡು. ಚಂದ್ರಕಲಾ ನನ್ನ ಕಿವಿಗೆ ಹಿಡಿಯುತ್ತಾಳೆ. ನನ್ನ ಪಕ್ಷದ ಪದ ಹಾಡು. ಹೆಣ್ಣುಮಗಳು ಆಕಾಶಕ್ಕೆ ಹೋದದ್ದು ಬೇಡ. ಹದಿನೈದು ಮಕ್ಕಳ ತಾಯಿಯದನ್ನು ಹಾಡು, ಕೊನೆಯ ಸಾಲನ್ನು ಹೀಗೆ ಬದಲಾಯಿಸು.

ಹಿರಿಯ ಮಗನು ತಮ್ಮನ ಮನಿ ಸುಟ್ಟ, ಹೆತ್ತ ಹೊಟ್ಟಿಗೆ ಬೆಂಕಿ ಬಿತ್ತೊ

ಹಾಡುವ ಮೊದಲು ಹಿಮ್ಮೇಳದವರ ಹೆಸರು ಹೇಳು. ನಿನ್ನ ಕಡೆಯವರದೂ ಹೇಳು, ನನ್ನ ಕಡೆಯವರದೂ ಹೇಳು. ಅವತ್ತು ಯಾರೂ ಹೇಳಿರಲಿಲ್ಲ.

ನಾನು ಮಾತಾಡುವುದಿಲ್ಲ. ಗೀ ಎನ್ನಲೂ ಆಗುವುದಿಲ್ಲ. ದೇವು ನೆಲಕ್ಕಿಟ್ಟು ಓಡಿದ ತುಂತುಣಿಯನ್ನು ಅಂದು ನಾನೇ ಎತ್ತಿಕೊಂಡು ಬಂದಿದ್ದೆ, ಹೊಸ ತಂತಿ ಹಾಕಿಸಿದ್ದೇನೆ. ಈ ಕಡೆಯಿಂದ ಅದನ್ನು ಮೀಟುತ್ತೇನೆ. ತಾಳ ತಪ್ಪಿದರೆ ಫೋನ್ ಇಟ್ಟುಬಿಡುತ್ತೇನೆ.

ಮಲ್ಲಾಬಾಯಿ